ಎಡಗಡೆಯ ಸ್ಟೂಲು

ಸಂಜೆ ಐದಕ್ಕೇ ಕರೆಂಟು ಹೋಯಿತು. ನಾಟಕದ ಹಾಲ್‌ನ ತಗಡಿನ ಚಾವಣಿಯ ಮೇಲೆ ಸುರಿಯುವ ಮಳೆಯಲ್ಲಿ ಯಾರ ಮಾತು ಯಾರಿಗೂ ಕೇಳದಾದಾಗ ತಾಲೀಮು ನಿಲ್ಲಿಸಿ, ನಾವು ನಾಲ್ಕು ಜನ ಹುಡುಗಿಯರು ಸ್ಟೇಜಿನ ಹಿಂದಿನ ಡ್ರೆಸ್ ರೂಮಿಗೆ ಬಂದು ಕೂತೆವು. ಅಜ್ಜಿ ಮೇಣದಬತ್ತಿ ಹಚ್ಚಿಕೊಂಡು ನನ್ನ ನೀಲಿ ಗೌನಿಗೆ ಕೊಕ್ಕೆ ಹೊಲಿಯುತ್ತಿದ್ದರು. ನಮ್ಮ ಕಾಲೇಜಿನ ನಾಟಕದ ಬಟ್ಟೆಬರೆಯೆಲ್ಲ ಐವತ್ತು ವರ್ಷದಿಂದ ಅವರದೇ ಕೈಯಲ್ಲಿ. ಅವರ ಗಂಡ ಬದುಕಿರುವವರೆಗೂ ಇಲ್ಲೇ ಪರದೆ ಎಳೆಯುತ್ತಿದ್ದರಂತೆ.

ಎರಡು ವರ್ಷ ಮಾತಿಲ್ಲದ ದಾಸಿಯಾಗಿ ನಿಂತ ಮೇಲೆ ಈ ಸಲ ನನಗೆ ರಾಣಿಯ ಪಾರ್ಟು ಸಿಕ್ಕಿತ್ತು. ಶನಿವಾರ ಪ್ರದರ್ಶನ. ಮಾತು ಒಂದೂ ಬಾಯಿಪಾಠ ಆಗಿರಲಿಲ್ಲ.

"ಏನೂ ಆಗಲ್ಲ ಬಿಡಿ ಅಜ್ಜಿ. ಮರೆತ್ರೆ ಸ್ಟೇಜಿನ ಎಡಗಡೆಯಿಂದ ಎಷ್ಟು ಚೆನ್ನಾಗಿ ಹೇಳಿಕೊಡ್ತಾರೆ ಗೊತ್ತಾ?" ಎಂದೆ.

"ನಾನು ಕೂರೋದು ಬಲಗಡೆ ಅಲ್ವೇನೇ?" ಎಂದಳು ಮರೆಯಲ್ಲಿ ಕೂತು ಮಾತು ನೆನಪಿಸುವ ನಮ್ಮ ಪ್ರಾಂಪ್ಟರ್ ಹುಡುಗಿ.

ಅಜ್ಜಿಯ ಸೂಜಿ ನಿಂತಿತು.

"ಎಡಗಡೆಯಿಂದಾನಾ? ಹಾಗಾದ್ರೆ ಹತ್ತಿರ ಬನ್ನಿ, ಹೇಳ್ಬಿಡ್ತೀನಿ. ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಒಂದು ವರ್ಷ, ಇದೇ ನಾಟಕ ಕಣ್ರೇ, ಇದೇ ಗೌನು. ಮಳೆನೂ ಇಂಥದ್ದೇ... ಇಂಥದ್ದೇನು ಬಂತು, ಇದು ಮಳೆನಾ? ಬೆವರು! ಆಗ ಬಂದಿದ್ದು ನೋಡ್ಬೇಕಿತ್ತು, ಮೀನುಗಳು ಮೆಟ್ಲು ಹತ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತಿದ್ವು. ನಗ್ಬೇಡಿ, ಎಣಿಸಿದೋಳು ನಾನು. ರಾಣಿ ಪಾರ್ಟಿಗೆ ಒಬ್ಳು ಹುಡುಗಿ ಇದ್ಲು. ಎತ್ತರ ಅಂದ್ರೆ ಎಂಥಾ ಎತ್ತರ ಅಂತೀರಾ, ಭುಜದ ಅಳತೆ ತಗೊಳ್ಳೋಕೆ ನಾನು ಏಣಿ ಹಾಕ್ಬೇಕು! ಆಗಿನ ಮೇಷ್ಟ್ರು ನಾಟಕ ಒಟ್ಟಿಗೆ ಬರೆಯೋರಲ್ಲ, ಒಂದೊಂದೇ ದೃಶ್ಯ ಬರ್ದು ಕೊಡೋರು. ಇವತ್ತು ಕೊಟ್ರೆ ನಾಳೆ ಬೆಳಗ್ಗೆ ಅವಳ ಬಾಯಲ್ಲಿ. ಬರೀ ಅವಳದ್ದಲ್ಲ, ಎಲ್ಲರದ್ದೂ! ಯಾರು ತಡವರಿಸಿದ್ರೂ ಎಡಗಡೆ ಸ್ಟೂಲಲ್ಲಿ ಕೂತು ಪಿಸುಗುಟ್ಟೋಳು. ಮೂರು ದೃಶ್ಯ ಕಲಿತ್ಲು. ನಾಲ್ಕನೇದು, ಕೊನೇದು, ಮೇಷ್ಟ್ರು ಬರೀತಾ ಇದ್ರು... ಅಷ್ಟರಲ್ಲಿ ಜ್ವರ ಬಂತು. ಐದೇ ದಿನ. ಹೋಗ್ಬಿಟ್ಲು. ಆಸ್ಪತ್ರೆಗೆ ನೋಡೋಕೆ ಹೋಗಿದ್ದೆನಲ್ಲ, ಏನ್ ಕೇಳಿದ್ಲು ಗೊತ್ತಾ? ಅಮ್ಮನ್ನ ಕೇಳ್ಲಿಲ್ಲ, ಅಪ್ಪನ್ನ ಕೇಳ್ಲಿಲ್ಲ. 'ಅಕ್ಕಾ, ಕೊನೇ ದೃಶ್ಯ ಬರೆದ್ರಾ?' ಅಂತ.

"ಪಾರ್ಟು ಇನ್ನೊಬ್ಳಿಗೆ ಬಂತು. ಅವಳು ಗಿಡ್ಡಿ. ಗೌನಿನ ಕೆಳಗೆ ಒಂದು ಗೇಣು ಒಳಕ್ಕೆ ಮಡಿಚಿ ಹೊಲಿದೆ. ಕತ್ತರಿ ಹಾಕೋಕೆ ಯಾಕೋ ಕೈ ಬರ್ಲಿಲ್ಲ... ಆ ಗಿಡ್ಡಿನೂ ನಿನ್ನ ಥರಾನೇ ಕಣಮ್ಮ, ಮಹಾ ಸೋಮಾರಿ. ಆದ್ರೂ ಶೋ ದಿನ ಮೂರು ದೃಶ್ಯ ನೀರು ಕುಡಿದ ಹಾಗೆ ಒಪ್ಪಿಸಿದ್ಲು. ಹೇಗೆ? ನಾನು ಬಲಗಡೆ ಸೂಜಿ ಹಿಡ್ಕೊಂಡು ನಿಂತಿದ್ದೆ. ಎದುರಿಗೇ ಸ್ಟೂಲು. ಅದರ ಮೇಲೆ ಯಾರೂ ಇಲ್ಲ, ಪಿಸುಮಾತು ಮಾತ್ರ ಬರ್ತಾ ಇದೆ.

"ನಾಲ್ಕನೇ ದೃಶ್ಯ ಶುರುವಾಯ್ತು ನೋಡಿ, ಪಿಸುಮಾತು ನಿಂತೋಯ್ತು. ಎಲ್ಲಿಂದ ಬರ್ಬೇಕು? ಅವಳು ಕಲ್ತಿದ್ದೇ ಮೂರು! ಗಿಡ್ಡಿ ಬಾಯಿ ತೆಕ್ಕೊಂಡು ನಿಂತ್ಲು. ಸಭೆಲಿ ಕೆಮ್ಮು ಶುರುವಾಯ್ತು. ನನಗೆ ತಾಲೀಮಲ್ಲಿ ಕೇಳೀ ಕೇಳೀ ಎಲ್ಲ ಮಾತೂ ಬರ್ತಿತ್ತಲ್ಲ, ಪಾಪ ಅಂತ ನಾನೇ ಹೇಳಿಕೊಟ್ಟೆ. ನಾನು ಒಂದು ಮಾತು ಹೇಳೋದು, ಗಿಡ್ಡಿ ಅದನ್ನ ಹೇಳೋದು, ಆಮೇಲೆ... ಎಡಗಡೆಯಿಂದ ಅದೇ ಮಾತು ಇನ್ನೊಂದು ಸಲ. ಮೆಲ್ಲಗೆ. ಬಾಯಿಪಾಠ ಮಾಡ್ಕೊಳ್ಳೋರ ಹಾಗೆ.

"ಹೋಗ್ತಾ ಹೋಗ್ತಾ ಗಿಡ್ಡಿ ಸ್ವರ ಸಣ್ಣದಾಯ್ತು, ಎಡಗಡೇದು ದೊಡ್ಡದಾಯ್ತು. ನನ್ನ ಕಣ್ಮುಂದೇನೇ ಗೌನಿನ ಮಡಿಕೆ ಒಂದೊಂದೇ ಹೊಲಿಗೆ ಬಿಚ್ಕೊಳ್ತಾ ಬಂತು. ನನ್ನ ಹೊಲಿಗೆ ಕಣ್ರೇ! ಆನೆ ಎಳೆದ್ರೂ ಬಿಚ್ಚಲ್ಲ. ಇನ್ನೊಂದೇ ಒಂದು ಮಾತು ಉಳಿದಿತ್ತು. ಅದನ್ನೂ ಕಲಿತ್ರೆ ಅವಳು ಸ್ಟೂಲಲ್ಲಿ ಯಾಕೆ ಕೂತಿರ್ತಾಳೆ, ಎದ್ದು ಗೌನಿನೊಳಗೇ ಬರಲ್ವಾ, ನೀವೇ ಹೇಳಿ? ನಾನು ಬಾಯಿ ಮುಚ್ಕೊಂಡು ಗಂಡನಿಗೆ ಕೈ ಬೀಸಿದೆ. ಜೀವಮಾನದಲ್ಲಿ ಒಂದು ದಿನ ಟೈಮಿಗೆ ಪರದೆ ಎಳೀಲಿಲ್ಲ ಪುಣ್ಯಾತ್ಮ, ಅವತ್ತು ಎಳೆದ.

"ಗಿಡ್ಡಿ ಉಳ್ಕೊಂಡ್ಲು. ಒಂದು ವಾರ ಬಾಯಿಂದ ಸ್ವರ ಬರ್ಲಿಲ್ಲ, ಅಷ್ಟೇ. ಮಾರನೇ ದಿನ ನಾನು ಗೌನಿನ ಮಡಿಕೆ ಮತ್ತೆ ಹೊಲಿದು, ಮೇಷ್ಟ್ರ ಪುಸ್ತಕದ ಕೊನೇ ಹಾಳೆ ಹರಿದು ಒಲೆಗೆ ಹಾಕ್ದೆ. ಓದೋಕೆ ಬರ್ದೇ ಇದ್ರೇನು, ಕೊನೇ ಹಾಳೆ ಯಾವ್ದು ಅಂತ ಗೊತ್ತಾಗಲ್ವಾ? ಅದಕ್ಕೇ ಈ ನಾಟಕ ಯಾರು ಆಡಿದ್ರೂ ಒಂದು ಮಾತು ಕಮ್ಮಿ. ಅವಳು ಕಾಯ್ತಾ ಕೂತಿದಾಳೆ. ಕೆಟ್ಟೋಳಲ್ಲ ಪಾಪ. ಪಾರ್ಟು ಪೂರ್ತಿ ಮಾಡ್ಬೇಕು ಅವಳಿಗೆ..."

ಗೆಳತಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

"ಅಜ್ಜಿ, ಆ ಮೇಷ್ಟ್ರ ಹಳೇ ಕರಡು ಎಲ್ಲೋ ಸಿಕ್ತಂತೆ," ಎಂದೆ. "ಮಧ್ಯಾಹ್ನ ನಮ್ಮ ಸರ್ ಕೊನೇ ಮಾತು ಒಂದು ಚೀಟಿಲಿ ಬರ್ದು ಕೊಟ್ರು."

"ಎಲ್ಲಿಟ್ಟಿದ್ದೀಯಾ?"

"ಹೇಳಿಕೊಡೋರಿಗೆ ಬೇಕಾಗುತ್ತಲ್ಲ ಅಂತ... ಎಡಗಡೆ ಸ್ಟೂಲ್ ಮೇಲೆ."

ಪ್ರಾಂಪ್ಟರ್ ಹುಡುಗಿ ಮೊಬೈಲಿನ ಬೆಳಕು ಹಿಡಿದು ಓಡಿದಳು. ವಾಪಸು ಬಂದಾಗ ಅವಳ ಕೈಯಲ್ಲಿ ಏನೂ ಇರಲಿಲ್ಲ. ಸ್ಟೂಲಿನ ಸುತ್ತಮುತ್ತಲೂ ಹುಡುಕಿದಳಂತೆ.

ಅಜ್ಜಿ ಬೈಯಲಿಲ್ಲ. ಕೊಕ್ಕೆಯ ಡಬ್ಬಿ ಮುಚ್ಚಿಟ್ಟರು. ಗೌನನ್ನು ಒಳಮೈ ಮೇಲಾಗಿ ತಿರುವಿ, ಬತ್ತಿಯ ಹತ್ತಿರ ಹಿಡಿದು, ಬ್ಲೇಡಿನಿಂದ ಕೆಳಗಿನ ಮಡಿಕೆಯ ಹೊಲಿಗೆ ಒಂದೊಂದಾಗಿ ಬಿಚ್ಚತೊಡಗಿದರು.

"ಶನಿವಾರ ನೀನು ಮನೇಲೇ ಇರು ಮಗಾ," ಎಂದರು ದಾರದ ಚೂರು ಊದುತ್ತಾ. "ನಾಟಕವೇನೂ ನಿಲ್ಲಲ್ಲ. ಒಂದು ಗೇಣು ಉದ್ದ ಬಿಟ್ರೆ ಅವಳಿಗೆ ಸರಿಹೋಗುತ್ತೆ."