ಐದನೆಯ ಬರ್ತ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ದೋಣಿಗಳ ನಕ್ಷೆ ಬರೆಯುವುದು ಅಣ್ಣನ ಕೆಲಸ.

ಆ ರಾತ್ರಿ ದೋಣಿ ಕಟ್ಟುವ ಶೆಡ್ಡಿಗೆ ಬೀಗ ಹಾಕಿ, ಹಾಳುಬಾವಿ ದಾಟಿ ಮನೆಕಡೆ ಹೊರಟಿದ್ದ. ಜೊತೆಗೆ ಅವನ ಅಕ್ಕ. ಬೇಡವೆಂದರೂ ಕತ್ತು ತಿರುಗಿತು. ದಡದ ಕಂಬಕ್ಕೆ ಕಟ್ಟಿದ್ದ ಹಾಯಿದೋಣಿ... ಮತ್ತೆ ಎಡಕ್ಕೆ ವಾಲಿತ್ತು.

"ಹಾಳಾಗಿ ಹೋಗ್ಲಿ!" ಎಂದ ಅಣ್ಣ.

ಅವನ ಮೊದಲ ಸ್ವಂತ ನಕ್ಷೆ ಅದು. ಫೈಬರ್‌ಗ್ಲಾಸಿನ ಪುಟ್ಟ ದೋಣಿ. ಒಂದು ಸಂಸಾರ ರಜೆಯಲ್ಲಿ ನೀರ ಮೇಲೇ ಇರಬಹುದು, ಒಲೆ ಇದೆ, ಮಡಚುವ ಮೇಜಿದೆ, ಮಲಗಲು ನಾಲ್ಕು ಬರ್ತ್‌ಗಳಿವೆ. ದೋಣಿಯ ನಕ್ಷೆಯಲ್ಲಿ ಅರ್ಧ ಮೈ ಮಾತ್ರ ಬರೆಯುತ್ತಾರೆ. ಇನ್ನರ್ಧ ಕನ್ನಡಿಯಲ್ಲಿ ಕಂಡ ಹಾಗೆ, ಅದೇ ತಾನೆ? "ಅರ್ಧ ದೋಣಿ ಬರೆದು ಪೂರ್ತಿ ಹೆಸರು ಹೊಡ್ಕೋತೀಯಲ್ಲೋ" ಎಂದು ರೇಗಿಸುತ್ತಿದ್ದವರು ಭಾವ, ಈ ಅಕ್ಕನ ಗಂಡ. ಅಚ್ಚಿನೊಳಗೆ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಅಂಟು ಬಳಿದು ದೋಣಿಯ ಮೈ ಕಟ್ಟಿದವರು ಅವರೇ. ಅಣ್ಣ ಬರೆಯದೆ ಬಿಟ್ಟ ಆ ಇನ್ನರ್ಧದಲ್ಲಿ, ಎಡಮೂಲೆಗೆ, ತಮ್ಮ ಉದ್ದನೆಯ ಕಾಲಿಗೆ ಸಾಲುವಂಥ ಐದನೆಯ ಬರ್ತ್ ಒಂದನ್ನು ಹಟ ಮಾಡಿ ಸೇರಿಸಿದ್ದರು.

ದೋಣಿ ನೀರಿಗಿಳಿಯುವ ಮೊದಲೇ ಜ್ವರ ಬಂದು ಭಾವ ಹೋಗಿಬಿಟ್ಟರು. ಆ ಬರ್ತ್ ನೋಡಲು ಅಣ್ಣನಿಗೆ ಆಗುತ್ತಿರಲಿಲ್ಲ. ಅಡ್ಡ ಹಲಗೆಯಿಟ್ಟು ಸ್ಕ್ರೂ ಹಾಕಿ ಮುಚ್ಚಿಬಿಟ್ಟ.

ನೀರಿಗಿಳಿದ ದಿನದಿಂದ ದೋಣಿಗೆ ಇದೇ ಗೋಳು. ಬ್ಯಾಟರಿ ಸರಿಸಿದ. ನೀರಿನ ಟ್ಯಾಂಕ್ ಬರಿದು ಮಾಡಿದ. ಲಂಗರು ಇಳಿಸಿದ. ಮಟ್ಟ ನೋಡಲಿಟ್ಟ ರಸಮಟ್ಟದ ಗುಳ್ಳೆ ಮಾತ್ರ ಎದ್ದ ಕಡೆಗೆ, ಬಲಕ್ಕೇ ಹೋಗಿ ಕೂರುತ್ತಿತ್ತು. ಭಾವ ಎಡಕ್ಕೆ ಬಟ್ಟೆ ಜಾಸ್ತಿ ಹಾಸಿದ್ದಾರೆ ಎಂದು ಶೆಡ್ಡಿನವರು ಗುಸುಗುಸು ಶುರುಮಾಡಿದರು. ನಾಳೆ ಬೆಳಗ್ಗೆ ನೆಟ್ಟಗಿರದಿದ್ದರೆ ಒಡೆದು ಹಾಕಿ ಎಂದಿದ್ದ ಶೆಡ್ಡಿನ ಮಾಲೀಕ. ಭಾವನ ಕೊನೆಯ ದೋಣಿ, ಅವರ ಕೈಗೇ ಕೆಟ್ಟ ಹೆಸರು! ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಒಡೆಯೋ ಮೊದ್ಲು ಒಂದ್ಸಲ ಒಳಗೆ ನೋಡ್ತೀನಿ ಕಣೋ" ಎಂದಳು ಅಕ್ಕ.

ಇಬ್ಬರೂ ದೋಣಿಗಿಳಿದರು. ಅಣ್ಣ ನಾಣ್ಯದಿಂದ ಗೋಡೆ ತಟ್ಟುತ್ತ ಹೋದ. ಪದರ ದಪ್ಪವಾಗಿದ್ದರೆ ಸದ್ದೇ ಬೇರೆ. ಬಲಕ್ಕೆ ಟಣ್... ಟಣ್. ಎಡಕ್ಕೂ ಟಣ್... ಟಣ್. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಮತ್ಯಾಕೆ ವಾಲುತ್ತೆ ಈ ದರಿದ್ರದ್ದು!" ನಾಣ್ಯ ಎಸೆದ. ಅದು ಕಿಣಿಕಿಣಿ ಉರುಳಿ ಆ ಹಲಗೆಗೆ ತಾಗಿ ನಿಂತಿತು.

ಆಗ ಕೇಳಿತು... ಗೊರ್ರ್ರ್... ಕೊನೆಗೊಂದು ಸಣ್ಣ ಸೀಟಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಗೊರ್ರ್ರ್...

ಅಕ್ಕ ಅವನ ತೋಳು ಹಿಡಿದಳು.

"ಕೇಳಿಸ್ತಾ?"

"ನೀರಿರ್ಬೇಕಕ್ಕ..."

"ನೀರು ಗೊರಕೆ ಹೊಡೆಯುತ್ತೇನೋ? ಇಷ್ಟು ವರ್ಷ ಅವರ ಪಕ್ಕದಲ್ಲಿ ಮಲಗಿದೀನಿ ನಾನು."

ಅಣ್ಣ ಸ್ಕ್ರೂ ಬಿಚ್ಚಿ ಹಲಗೆ ತೆಗೆದ. ಟಾರ್ಚ್ ಹಾಕಿ ನೋಡಿದರೆ... ಯಾರೂ ಇಲ್ಲ. ಸದ್ದೂ ನಿಂತಿತು. ದೋಣಿ ಮಾತ್ರ ವಾಲಿಕೊಂಡೇ ಇತ್ತು.

ಅಕ್ಕ ಆ ಖಾಲಿ ಬರ್ತಿನ ಮೇಲೊಂದು ದಿಂಬು ಇಟ್ಟಳು. "ಎಬ್ಬಿಸ್ಬೇಡ. ಬಲಗಡೆಗೆ ತೂಕ ಇಡು" ಎಂದು ಪಿಸುಗುಟ್ಟಿದಳು.

ಅಣ್ಣ ಬಲಕ್ಕೆ ಮರಳಿನ ಚೀಲಗಳನ್ನು ಪೇರಿಸುತ್ತ ಹೋದ. ಗುಳ್ಳೆ ನಡುವಿಗೆ ಬಂದು ನಿಂತಿತು. ಆ ಚೀಲಗಳನ್ನು ಆಮೇಲೆ ತೂಗಿದರು. ಆಸ್ಪತ್ರೆಯಲ್ಲಿ ಭಾವನನ್ನು ಕೊನೆಯ ಸಲ ತೂಗಿದಾಗ ಬಂದಷ್ಟೇ ತೂಕ. "ಎಷ್ಟು ಇಳಿದು ಹೋಗಿದ್ರು ನೋಡು" ಎಂದು ಅಕ್ಕ ಅತ್ತಳು.

ದೋಣಿ ಉಳಿಯಿತು. ಅದೇ ಅಚ್ಚಿನಿಂದ ಎರಡನೆಯ ದೋಣಿಯೂ ಬಂತು. ಅದು ಒಂದು ಹಿಡಿ ಮರಳಿಲ್ಲದೆ ನೆಟ್ಟಗೆ ತೇಲಿತು. ಶೆಡ್ಡಿನವರು ಎರಡನ್ನೂ ತಟ್ಟಿ ನೋಡಿದರು, ಪದರದ ಸದ್ದು ಒಂದೇ. ಭಾವನ ಕೈ ಬಗ್ಗೆ ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ಆದರೆ ಮೊದಲನೆಯದು ಆಗಾಗ ಮತ್ತೆ ವಾಲುತ್ತದೆ. ಅಣ್ಣ ಲೆಕ್ಕ ಹಾಕುತ್ತಾನೆ, ಕಾಗದ ಹರಿದು ಎಸೆಯುತ್ತಾನೆ, ಬೈಯುತ್ತ ಇನ್ನೊಂದು ಚೀಲ ಇಡುತ್ತಾನೆ. ಅಕ್ಕ ಮಾತ್ರ ನಗುತ್ತಾಳೆ. "ಬಿಡೋ, ಮೈ ತುಂಬ್ಕೊಳ್ತಿದ್ದಾರೆ."

ಮೊನ್ನೆ ಮತ್ತೊಂದು ಚೀಲ ಬೇಕಾಯಿತು. ಹೊತ್ತವನು ನಾನೇ. ಸುಳ್ಳೆನಿಸಿದರೆ ನನ್ನ ಸೊಂಟವನ್ನೇ ಕೇಳಿ.