ಕೈ ಬಿಡಿಸುವ ಪಾಳಿ

ಹಳಿಯಾಳದ ನಿಲ್ದಾಣದಲ್ಲಿ ದಾಂಡೇಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಸಿದ್ದಿ ಹೆಂಗಸರು. ಮುಂಡಗೋಡಕ್ಕೆ ಹೊರಟಿದ್ದ ಹಿರಿಯಳು ಕೇಳಿದಳು:

“ಜೇನು ಕೀಳಾಕ ಹೋಗಿ ಮರದಿಂದ ಬಿದ್ದ ನಿನ್ನ ಗಂಡ ಇನ್ನೂ ಕಣ್ಣ ತೆರದಿಲ್ಲೇನ, ಮಾಗ್ದಲೀನಾ?”

“ಇಲ್ಲಕ್ಕಾ. ಎದಿ ಬಡೀತೈತಿ, ಉಸಿರಿಲ್ಲ.”

“ಅದ್ಹೆಂಗ?”

“ಎದಿ ತಾನಾಗೇ ಬಡೀತೈತಂತ. ಉಸಿರಾಡೂ ಸ್ನಾಯುವಿಗೆ ಮಾತ್ರ ಮೆದುಳಿನ ತಳದಿಂದ ನರದಾಗ ಅಪ್ಪಣಿ ಬರಬೇಕಂತ. ಅದು ನಿಂತೈತಿ.”

“ಮತ್ತ?”

“ಬಾಯಾಗಿನ ನಳಿಗಿಗೆ ರಬ್ಬರ್ ಚೀಲ ಹಚ್ಯಾರ. ಧಾರವಾಡದ ದವಾಖಾನ್ಯಾಗ ಉಸಿರಾಟದ ಮಷೀನ್ ಖಾಲಿ ಇಲ್ಲ. ನಾಕು ದಿನದಿಂದ ಮೈದುನ ಜುಜೆ, ನಾನು ಪಾಳಿ ಹಚ್ಚಿ ಚೀಲ ಒತ್ತಾಕತ್ತೇವಿ.”

“ನಮ್ಮ ಡಮಾಮಿ ಕುಣಿತಕ್ಕ ಡೋಲು ಬಾರಸಾಂವಲ್ಲ, ಅವನ ಕೈಗೆ ದಣಿವೆಲ್ಲಿ?”

“ಡೋಲಿನ ತಾಳದಾಗೇ ಒತ್ತತಾನ. ಮೊದಲನೇ ದಿನ ಕುಣಿತದ ಜೋರು ತಾಳ ಹಿಡದು ನರ್ಸಮ್ಮನ ಕಡೆ ಬೈಸ್ಕೊಂಡ.”

ಇಬ್ಬರೂ ನಕ್ಕರು.

“ಇವತ್ತ ಡಾಕ್ಟರ್ ಏನಂದ್ರು?”

“ಇನ್ನ ಆಸೆ ಇಲ್ಲ, ಒತ್ತೂದು ನಿಲ್ಲಸ್ರಿ ಅಂದ್ರು. ಜುಜೆ ಬಿಡವಲ್ಲ. ಅವನ ಕೈ ಹಿಡದು ಬಿಡಸೂದು ನನ್ನ ಪಾಳಿ.”

“ಗಂಟಿನ್ಯಾಗೇನೈತಿ?”

“ಅವರ ಮದುವಿ ಅಂಗಿ. ತರಾಕ ಬಂದಿದ್ದೆ.”

ಧಾರವಾಡದ ಬಸ್ಸು ಬಂತು. ಹಿರಿಯಳು ಮುಂಡಗೋಡದ ಬಸ್ಸಿಗೆ ಕಾಯದೆ ಆ ಗಂಟನ್ನೆತ್ತಿಕೊಂಡು ಮಾಗ್ದಲೀನಾಳ ಹಿಂದೆಯೇ ಹತ್ತಿದಳು.