ಮೋಟಾರಿನ ಮೈ ತೊಳೆದ ಕೈ

ಪೆಟ್ಟಿಗೆ ಕಟ್ಟೋದು ಆಮೇಲೆ ಆಗ್ಲಿ ಮುನಿಯಪ್ಪ, ಕುಂತ್ಕ. ಸ್ಟೇಷನ್ನಿಗೆ ಹೋಗೋ ಗಾಡಿ ಇನ್ನೂ ಪೇಟೆಯಾಗೇ ಐತೆ. ಗಾಡಿ ಪಾಲಣ್ಣ ಎಲೆ ಅಡಿಕೆ ಹಾಕ್ಕಂಡು ಕುಂತವ್ನೆ, ನೋಡ್ಕಂಡೇ ಬಂದೆ... ಅಲ್ಲ, ಮೋಟಾರು ಹೊಡೆಯೋ ಡ್ರೈವರನ್ನ ಒಂದು ತಗಡಿನ ಬಣ್ಣ ಹೋಯ್ತು ಅಂತ ಕೆಲಸದಿಂದ ತೆಗೀತಾರಾ? ತೆಗದ್ರು. ಏನು ಮಾಡಾಕಾಗ್ತೈತೆ! ನಮ್ಮ ಗಂಗಾಧರಪ್ಪ ಸಾವ್ಕಾರ್ರು ಕೊಬ್ಬರಿ ಮಾರಿ ಮಾರಿ ಈ ಹೊಸದುರ್ಗಕ್ಕೇ ಮೊದಲನೇ ಮೋಟಾರು ತಂದೋರು. ಅವರಿಗೆ ಅದು ಮಗಳಿದ್ದಂಗೆ. ಮಗಳ ಕೆನ್ನೆ ಕೆರೆದೋನನ್ನ ಸುಮ್ಕೆ ಬಿಡ್ತಾರಾ?

ಹಂಗೆ ನೋಡಬ್ಯಾಡ. ಕೆರೆದೋನು ನೀನೇ ಅಂತ ನಾನೆಲ್ಲಿ ಅಂದೆ? ನೀನು ಬೆಂಗಳೂರಿಂದ ತಂದ್ಯಲ್ಲ, ಆ ಡಬ್ಬಿ ಮೇಣ, ಅದು ಮಾಡಿದ್ದು. ಸಾವ್ಕಾರ್ರು ಕೇಳಿದಾಗ ಅದನ್ನೇ ಹೇಳ್ದೆ. "ಬುದ್ಧಿ, ಆ ಮೇಣ ಬಣ್ಣ ತಿಂದೈತೆ" ಅಂದೆ. ಅಷ್ಟೇ ಅಂದೆ. ತೊಳೆಯೋದು ನನ್ನ ಪಾಲು, ಮೇಣ ತಿಕ್ಕೋದು ನಿನ್ನ ಪಾಲು. ಹೌದೋ ಅಲ್ವೋ?

...ಏನಾದ್ರೂ ಅನ್ನಪ್ಪ.

ಆಗ್ಲಿ, ಬ್ಯಾಡ. ತೊಳೆಯೋದು ಅಂದ್ರೆ ಏನು ಅಂತ ಈ ಯತ್ತಪ್ಪನ್ನ ಕೇಳು. ಬಟ್ಟೆ ಒದ್ದೆ ಮಾಡಿ ಒರೆಸಿದ್ರೆ ತೊಳೆದಂಗಾಗ್ತೈತಾ? ಯಾವ ಮೈಗೆ ಯಾವ ಪುಡಿ, ಅದು ಗೊತ್ತಿರಬೇಕು. ಮೋಟಾರಿನ ಮುಂದೆ ಎರಡು ಹಿತ್ತಾಳೆ ದೀಪ ಅವಲ್ಲ, ಅವಕ್ಕೆ ಹುಣಸೆಹಣ್ಣು, ಮೇಲೆ ಒಲೆ ಬೂದಿ. ಮೊದಲನೇ ದಿನ ತಿಕ್ಕಿ ಬಿಸಿಲಿಗೆ ಬಿಟ್ಟೆ ನೋಡು, ಆ ಹೊಳಪಿಗೆ ಸಾವ್ಕಾರ್ರ ಮನೆ ಅಮ್ನೋರ ಹುಂಜ ಮಟಮಟ ಮಧ್ಯಾಹ್ನ ಎರಡನೇ ಸಲ ಕೂಗ್ತು. ಯಾಕೆ ನಗ್ತೀಯ? ಅನ್ನಪೂರ್ಣಮ್ನೋರನ್ನೇ ಕೇಳು! ಗಾಜಿಗೆ ವಿಭೂತಿ. ಒಣಾ ವಿಭೂತಿ, ನೀರು ಮುಟ್ಟಿಸಬಾರದು. ಚಕ್ರದ ಮರದ ಕಡ್ಡಿಗೆ ಹರಳೆಣ್ಣೆ. ಕೂರೋ ಚರ್ಮದ ಮೆತ್ತೆಗೂ ಹರಳೆಣ್ಣೇನೇ, ಆದ್ರೆ ಬೆರಳ ತುದೀಲಿ. ಜಾಸ್ತಿ ಆದ್ರೆ ಸಾವ್ಕಾರ್ರ ಪಂಚೆ ಏನಾಗ್ತೈತೆ ಅಂತ ಒಂದು ಸಲ ನೋಡಿದ್ವಲ್ಲ. ಮೈಗೆ ಮಾತ್ರ ಅಂಟವಾಳಕಾಯಿ ನೊರೆ. ಸೀಗೆ ಬ್ಯಾಡ, ಅದು ಉರಿ. ಚೌಳು ಮಣ್ಣಂತೂ ಹತ್ರ ತರಬಾರದು, ಅದು ಮಡಿವಾಳರ ಬಟ್ಟೆ ಬೇಯಿಸೋ ಬಾನಿಗೇ ಸರಿ, ಬಣ್ಣ ಎಬ್ಬಿಸಿ ಬಿಡ್ತೈತೆ. ನೋಡು, ಎಲ್ಲಾ ಗೊತ್ತಿರೋನು ನಾನು. ಗೊತ್ತಿದ್ದೋನು ತಪ್ಪು ಮಾಡ್ತಾನಾ?

ನಿನಗೆ ಈ ಕೈ ಗೊತ್ತಿಲ್ಲ ಕಣಪ್ಪ. ಹರಿಯಬ್ಬೆ ಕಡೆ ಒಬ್ಬ ರೈತ ಒಂದು ಎತ್ತು ಮಾರಿದ. ಮಣ್ಣುಮಣ್ಣಾಗಿತ್ತು, ಬಣ್ಣ ಯಾವುದು ಅಂತ ಅವನಿಗೇ ಮರೆತು ಹೋಗಿತ್ತು. ಕೊಂಡೋರು ನಮ್ಮ ಸಾವ್ಕಾರ್ರು. ನಾನು ಹೊಳೇಲಿ ಇಳಿಸಿ ತೆಂಗಿನ ನಾರಿನಾಗೆ ಉಜ್ಜಿದೆ. ಉಜ್ಜಿದೆ ಅಂದ್ರೆ, ಮೀನುಗಳು ಸಾಲಾಗಿ ಬಂದು ಅದರ ಹೊಟ್ಟೆಯಾಗೆ ಮುಖ ನೋಡ್ಕಂಡು ಹೋದ್ವು. ಮಾರನೇ ವಾರ ಹಿರಿಯೂರಿನ ದನದ ಸಂತೆಗೆ ಹೊಡ್ಕಂಡು ಹೋದ್ವಿ. ಮಾರಿದ ರೈತನೇ ಬಂದ, ಸುತ್ತ ಮೂರು ಸಲ ತಿರುಗಿದ, ಹಲ್ಲು ಎಣಿಸ್ದ. "ಇಂಥಾ ಎತ್ತು ನಮ್ಮ ಸೀಮೇಲೇ ಹುಟ್ಟಾಕಿಲ್ಲ" ಅಂದು ಎರಡರಷ್ಟು ಕೊಟ್ಟು ಕೊಂಡ್ಕಂಡು ಹೋದ! ಮನೆ ಬಾಗಿಲಿಗೆ ಹೋದ ಮೇಲೆ ಎತ್ತು ತಾನಾಗೇ ತನ್ನ ಗೂಟದ ಹತ್ರ ನಿಂತಾಗ ಗೊತ್ತಾಯ್ತಂತೆ.

ಈ ಸಲ ನಗ್ಲಿಲ್ಲ ನೀನು.

ಏನು ನೋಡ್ತಿದೀಯ? ಈ ಬೆರಳಾ? ಏನಿಲ್ಲ, ಗಾಜು ತಗುಲಿದ್ದು. ಗಾಜಿನ ಚೂರು. ಒಂಬತ್ತು ದಿನ ಆಯ್ತು, ಇನ್ನೂ ಮಾಯ್ದಿಲ್ಲ, ಮುದಿ ಮೈ. ಪ್ರತಿ ವರ್ಷ ಆಗೋದೇ. ಕಾರಹುಣ್ಣಿಮೆ ಅಲ್ವಾ? ನಿಮ್ಮ ಬೆಂಗಳೂರು ದಂಡಿನಾಗೆ ಈ ಹಬ್ಬ ಇರಾಕಿಲ್ಲ. ನಮ್ಮ ಕಡೆ ಅವತ್ತು ಎತ್ತಿನ ಮೈ ತೊಳೆದು, ಗಾಜಿನ ಚೂರು ಹಿಡಿದು ಕೊಂಬು ಹೆರೀಬೇಕು. ಹಳೇ ಪೊರೆ ಎದ್ದು ಹೋದ್ರೆ ಒಳಗೆ ಹೊಸ ಕೊಂಬು ಮಿಂಚ್ತೈತೆ. ಮೇಲೆ ಎಣ್ಣೆ. ಇಡೀ ತಾಲೂಕಿನಾಗೆ ನನ್ನಂಗೆ ಕೊಂಬು ಹೆರಿಯೋನಿಲ್ಲ. ಅವತ್ತು ಬೆಳಗ್ಗೇನೂ ಹಂಗೇ, ಎದ್ದೆ, ಗಾಜಿನ ಚೂರು ತಗಂಡೆ, ಕೊಟ್ಟಿಗೆಗೆ ಹೋದೆ, ಕೊಂಬು ಹೆರೀತಾ ಹೆರೀತಾ ಬೆರಳಿಗೆ...

ಏನು?

ಏನೂ ಅಂದಿಲ್ವಾ? ಏನೋ ಕೇಳ್ದಂಗಾಯ್ತು.

ಕೇಳ್ತೀಯ ಅಂತ ಗೊತ್ತು. ಎತ್ತೆಲ್ಲಿ ಅವೆ ಅಂತ ಕೇಳ್ತೀಯ. ಕೇಳು, ಕೇಳಿಬಿಡು! ಬಿಳಿಯ, ಕೆಂಚ, ಎರಡನ್ನೂ ಮೋಟಾರು ಬಂದ ತಿಂಗಳಿಗೇ ಮಾರಿದ್ರು. ಹೊಡ್ಕಂಡು ಹೋಗಾಕೆ ನಾನೇ ಹಗ್ಗ ಬಿಚ್ಚಿ ಕೊಟ್ಟೆ. ಈಗ ಕೊಟ್ಟಿಗೆಯಾಗೆ ಇರೋದು ಇದೊಂದೇ, ನಾಲ್ಕು ಚಕ್ರದ್ದು. ನೀನು ಕೇಳ್ತಿಲ್ಲ. ಸುಮ್ಕೆ ಕುಂತಿದೀಯ...

ಅದರ ಮುಂದಿನ ಚಕ್ರದ ಮೇಲೆ ಎರಡು ತಗಡು ಬಾಗಿ ನಿಂತವೆ ನೋಡು. ಥೇಟು ಕೆಂಚನ ಕೊಂಬು. ಹುಣ್ಣಿಮೆ ಬೆಳಗ್ಗೆ ಊರೆಲ್ಲಾ ಎತ್ತು ತೊಳೆಯೋ ಸದ್ದು. ನನ್ನ ಕೈ ಸುಮ್ಕೆ ಇರಲಿಲ್ಲ ಮುನಿಯಪ್ಪ. ನೊರೆ ಹಾಕ್ದೆ. ನಾರು ಹಾಕ್ದೆ. ಆ ಕರೀ ಬಣ್ಣ ಹಳೇ ಪೊರೆ ಇದ್ದಂಗೆ ಮಂಕಾಗಿ ಕಾಣ್ತು. ಒಂದೇ ಒಂದು ಎಳೆ ಹೆರೆದು ನೋಡಾಣ, ಒಳಗೆ ಮಿಂಚ್ತೈತೆ ಅಂದ್ಕಂಡೆ. ಮಿಂಚ್ತು. ಬರೀ ತಗಡು ಮಿಂಚ್ತು. ಅದನ್ನ ಸರಿ ಮಾಡಾಣ ಅಂತ ಇನ್ನೊಂದು ಎಳೆ. ಎರಡು ಗೇಣು ಆಗೋವರೆಗೂ ಸರಿ ಮಾಡ್ದೆ.

ಮೇಲೆ ಹರಳೆಣ್ಣೇಲಿ ದೀಪದ ಮಸಿ ಕಲಸಿ ಬಳಿದಿದ್ದೆ. ಎಂಟು ದಿನ ನಿಂತಿತ್ತು. ನಿನ್ನೆ ಸಾವ್ಕಾರ್ರು ಅದರ ಮೇಲೇ ಹಸ್ತ ಊರಿ ನಿಂತ್ರಲ್ಲ... ಕೈಯಾಗೆ ಮಸಿ, ಕೆಳಗೆ ಬೋಳು ತಗಡು. ಅವರಿಗೆ ಕೊಬ್ಬರಿ ಗೊತ್ತು, ತಗಡು ಏನು ಗೊತ್ತು? "ಯತ್ತಪ್ಪ, ಏನೋ ಇದು?" ಅಂದ್ರು. ನಲವತ್ತು ವರ್ಷದಾಗೆ ಅವರು ನನ್ನ ಕೇಳಿ ನಾನು ಗೊತ್ತಿಲ್ಲ ಅಂದಿದ್ದಿಲ್ಲ. ಬಾಯಿಗೆ ಬಂದದ್ದು ನಿನ್ನ ಡಬ್ಬಿ. ಎತ್ತು ಹೋದ ದಿನ ಬೀಗರೊಬ್ಬರು ಕೇಳಿದ್ರಂತೆ, "ಇನ್ನು ಈ ಮುದುಕ ಯಾಕೆ?" ಅಂತ. "ಇರ್ಲಿ, ಮೋಟಾರು ತೊಳೀತಾನೆ" ಅಂದ್ರಂತೆ ಸಾವ್ಕಾರ್ರು. ಮೋಟಾರು ಕೆಡಿಸ್ದೋನು ಅಂತ ಆದ್ರೆ ಎಲ್ಲಿಗೆ ಹೋಗ್ಲಿ ನಾನು?

ಬಯ್ಯೋ. ಬಾಯಿ ತುಂಬ ಬಯ್ದುಬಿಡು.

...ಇಷ್ಟು ಕೇಳಿದ್ರೂ ನೀನು ಬೆಚ್ಚಲಿಲ್ಲ. ನಿನಗೆ ಗೊತ್ತಿತ್ತಾ?

ಹುಣ್ಣಿಮೆ ಬೆಳಗ್ಗೆ ಬಾವಿ ಕಡೆಯಿಂದ ಯಾರೋ ಬಂದು, ಕೊಟ್ಟಿಗೆ ಬಾಗಿಲಾಗೆ ನಿಂತು, ಹಂಗೇ ಹಿಂದಕ್ಕೆ ಹೋದಂಗಾಯ್ತು. ನಾಯಿ ಅಂದ್ಕಂಡಿದ್ದೆ. ನೀನಾ? ಗೊತ್ತಿದ್ದೂ ನಿನ್ನೆ ಸಾವ್ಕಾರ್ರ ಮುಂದೆ ತಲೆ ಬಗ್ಗಿಸ್ಕಂಡು ನಿಂತ್ಯಾ? ಒಂದು ಮಾತು ಅನ್ನಬಾರದಿತ್ತಾ? ಊರಾಗೆ ನಿನಗೂ ಹೆಂಡ್ತಿ ಮಕ್ಕಳು ಅವ್ರೆ ಅಂದಿದ್ಯಲ್ಲ...

ತಡಿ, ಪೆಟ್ಟಿಗೆ ಎತ್ತಬ್ಯಾಡ. ಪಾಲಣ್ಣ ಕಾಯ್ಲಿ. ಎದ್ದೇಳು, ಒಳಗೆ ಸಾವ್ಕಾರ್ರ ಹತ್ರ ಹೋಗಾಣ. ನಾನೇ ಹೇಳ್ತೀನಿ. ದಾರಿಯಾಗೆ ಏನಾದ್ರೂ ಕಥೆ ಹೊಳೀಬಹುದು ನನಗೆ, ಕೋತಿ ಬಂದು ಕೆರೀತು ಅಂತ, ಸಿಡಿಲು ಹೊಡೀತು ಅಂತ. ಅದಕ್ಕೇ ಹೇಳೋದು, ನೀನು ನನ್ನ ಪಕ್ಕದಾಗೆ ನಿಂತ್ಕಬೇಕು. ಮಾತಾಡಬ್ಯಾಡ. ಈಗ ಹೆಂಗಿದೀಯೋ ಹಂಗೇ ಇರು. ನೀನು ಹಿಂಗೆ ಸುಮ್ಕೆ ಇದ್ರೆ, ಹಾಳಾದ್ದು, ನನಗೆ ಸುಳ್ಳು ಹೇಳಾಕೇ ಬರಾಕಿಲ್ಲ.